ಮೂರು ನಿಮಿಷದ ದಮ್ಮು

ಶಾಂತಿ ಕುಸ್ತಿ ಎಂದು ಆ ಆಟಕ್ಕೆ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಇಟ್ಟವರು ಒಂದೇ ಒಂದು ಸಲ ಕಣದ ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದರೆ ಆ ಹೆಸರು ಮತ್ತೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಮಾಯಕ್ಕ ನೋಡಿದ್ದಳು. ಜಮಖಂಡಿಯಲ್ಲಿ ನಡೆದ ತನ್ನ ಮೊದಲ ಪಂದ್ಯದಲ್ಲಿ ಅವಳ ಗಂಡ ಲಗಮಣ್ಣ ಎದುರಾಳಿಯ ಎಡಗೈ ಕಿರುಬೆರಳು ಹಿಡಿದು ಹಿಂದಕ್ಕೆ ಮಡಿಸಿದ. ಬೆರಳು ಲಟಕ್ಕೆಂದಿತು. ಮುರಿಸಿಕೊಂಡವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ಮುರಿದವನ ಮುಖದಲ್ಲೂ ಇಲ್ಲ. ಇಬ್ಬರೂ ಕ್ಷೌರಕ್ಕೆ ಕುಳಿತವರ ಹಾಗೆ ಸುಮ್ಮನಿದ್ದರು. ಮಾಯಕ್ಕ ಮುಖ ತಿರುಗಿಸಿದಳು. ಸುತ್ತಲಿನ ಜನ ಮಾತ್ರ ಎದ್ದು ನಿಂತು ಶಿಳ್ಳೆ ಹೊಡೆದರು.

ಹಳೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಈ ಹೊಸ ಆಟದಲ್ಲಿ ಬೆನ್ನಿಗೆ ಕವಡೆ ಕಿಮ್ಮತ್ತಿಲ್ಲ. ಇಬ್ಬರು ಪೈಲ್ವಾನರ ತಲೆಗೂ ಎರಡು ಬೆರಳಗಲದ ಧ್ಯಾನಪಟ್ಟಿ ಬಿಗಿದಿರುತ್ತಾರೆ. ತಲೆಯೊಳಗೆ ಶಾಂತಿ ಎಷ್ಟಿದೆ ಎಂದು ಪಟ್ಟಿ ಅಳೆಯುತ್ತದೆ. ನೂರಕ್ಕೆ ಇಷ್ಟು ಎಂದು ಮೇಲಿನ ಫಲಕದಲ್ಲಿ ಅಂಕಿ ಮೂಡುತ್ತದೆ. ಯಾರ ಅಂಕಿ ನಲವತ್ತಕ್ಕಿಂತ ಕೆಳಗಿಳಿಯಿತೋ ಅವನು ಸೋತ. ಅಂದರೆ ಗೆಲ್ಲಬೇಕಾದರೆ ಎದುರಿನವನ ಶಾಂತಿ ಕೆಡಿಸಬೇಕು. ಹೇಗೆ ಕೆಡಿಸಬೇಕು ಎನ್ನುವುದಕ್ಕೆ ನಿಯಮದ ಪುಸ್ತಕದಲ್ಲಿ ಹೆಚ್ಚು ಅಡ್ಡಿ ಆತಂಕಗಳಿಲ್ಲ. ಕಣ್ಣಿಗೆ ಬೆರಳು ಹಾಕುವಂತಿಲ್ಲ, ಕಚ್ಚುವಂತಿಲ್ಲ. ಉಳಿದದ್ದೆಲ್ಲ ನಡೆಯುತ್ತದೆ. ಕೈಕಾಲು ಮುರಿಯುವುದನ್ನು ನೋಡಿದರೆ ಜನಕ್ಕೆ ಪಾಪ ಅನ್ನಿಸುತ್ತದೆ, ಆದರೆ ಮುರಿಸಿಕೊಂಡವನೇ ಮುಗುಳ್ನಗುತ್ತಿದ್ದರೆ ಯಾರಿಗೆ ಪಾಪ? ಎರಡೇ ವರ್ಷದಲ್ಲಿ ಊರೂರಿಗೆ ಕಣಗಳೆದ್ದವು.

ಪಟ್ಟಿ ಹುಟ್ಟಿದ್ದು ಇದಕ್ಕಲ್ಲ. ಹುಬ್ಬಳ್ಳಿಯ ನಿಶ್ಚಲ ಎಂಬ ಸಂಸ್ಥೆ ಅದನ್ನು ಮೊದಲು ಮಾಡಿದ್ದು ಹಲ್ಲು ಕೀಳುವ ಡಾಕ್ಟರುಗಳಿಗಾಗಿ. ಆಮೇಲೆ ಹೆರಿಗೆ ವಾರ್ಡಿಗೆ ಬಂತು, ಆಂಬುಲೆನ್ಸಿಗೆ ಬಂತು. ನೋವಿನ ಸೂಜಿ, ಗುಳಿಗೆ ಇಟ್ಟುಕೊಳ್ಳುವುದನ್ನೇ ಎಷ್ಟೋ ಕಡೆ ಬಿಟ್ಟುಬಿಟ್ಟರು. ಪಟ್ಟಿ ಇರುವಾಗ ಅವೆಲ್ಲ ಏಕೆ?

ಲಗಮಣ್ಣನ ಗರಡಿಯವರು ಪಟ್ಟಿ ತರಲು ಹುಬ್ಬಳ್ಳಿಗೆ ಹೋದಾಗ ಮಾಯಕ್ಕನೂ ಹೋಗಿದ್ದಳು. ಮದುವೆಗೆ ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುತ್ತಿದ್ದವಳು ಅವಳು; ತೆರೆಯ ಮೇಲೆ ಓಡುವ ಗೆರೆ ಓದಲು ಬರುವವರು ಗರಡಿಯಲ್ಲಿ ಮತ್ತೊಬ್ಬರಿರಲಿಲ್ಲ. ಅಲ್ಲಿಯ ಮುಖ್ಯ ವಿಜ್ಞಾನಿ ಡಾಕ್ಟರ್ ಶೈಲಜಾ ಗುಮಾಸ್ತೆ, ಅರವತ್ತರ ಹತ್ತಿರದ ಹೆಂಗಸು, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಇಪ್ಪತ್ತು ವರ್ಷ ಧ್ಯಾನ ಮಾಡಿದವರ ಕಾಲಿಗೆ ಬಿಸಿ ಸಲಾಕೆ ತಾಗಿಸಿದರೆ ನೋವು ಅವರಿಗೂ ಮೆದುಳಿನ ತನಕ ಬರುತ್ತದೆ. ಆದರೆ ಅಯ್ಯೋ ಸತ್ತೆ ಎಂದು ಕೂಗೆಬ್ಬಿಸುವ ಮೆದುಳಿನ ಇನ್ನೊಂದು ಮೂಲೆ ಸುಮ್ಮನೆ ಮಲಗಿರುತ್ತದೆ. ನಾಡಿ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ, ಮೈ ಕಡಿಮೆ ಗಾಳಿಯಲ್ಲಿ ಬದುಕುತ್ತದೆ. ಪಟ್ಟಿ ಮಾಡುವುದು ಇಷ್ಟೇ: ಶಾಂತಿಯ ಲಕ್ಷಣ ಎಲ್ಲಿ ಕಂಡಿತೋ ಅಲ್ಲಿ ಹಣೆಯ ಎರಡೂ ಬದಿಯಿಂದ ಸಣ್ಣ ಕರೆಂಟು ಕೊಟ್ಟು ಅದೇ ದಾರಿಯಲ್ಲಿ ಇನ್ನಷ್ಟು ಮುಂದಕ್ಕೆ ದೂಡುತ್ತದೆ. ಶಾಂತಿ ಹೆಚ್ಚಿದಷ್ಟೂ ಹೆಚ್ಚು ದೂಡುತ್ತದೆ. ಇಪ್ಪತ್ತು ವರ್ಷದ ಕೆಲಸ ಒಂದೂವರೆ ನಿಮಿಷದಲ್ಲಿ ಆಗುತ್ತದೆ.

ಹಾಗೆ ದೂಡುತ್ತ ದೂಡುತ್ತ ಉಸಿರೇ ನಿಂತುಹೋದರೆ ಏನು ಗತಿ ಎಂದು ಮಾಯಕ್ಕ ಕೇಳಿದಳು. ಗುಮಾಸ್ತೆಯವರಿಗೆ ಆ ಪ್ರಶ್ನೆ ಇಷ್ಟವಾಯಿತು. ಅದಕ್ಕೊಂದು ಕಾವಲು ಇಟ್ಟಿದ್ದೇವೆ, ಹನ್ನೆರಡು ಸೆಕೆಂಡು ಉಸಿರು ಕಾಣದಿದ್ದರೆ ಪಟ್ಟಿ ತಾನಾಗಿ ಆರಿಹೋಗುತ್ತದೆ ಎಂದರು. ಆಸ್ಪತ್ರೆಯ ಪಟ್ಟಿಗೆ ಅಷ್ಟೇ ಸಾಕು. ಆದರೆ ಪೈಲ್ವಾನರಲ್ಲಿ ಒಬ್ಬೊಬ್ಬರ ಉಸಿರಿನ ಚಾಳಿ ಒಂದೊಂದು ಥರ. ಹಾಗಾಗಿ ಕುಸ್ತಿಯ ಪಟ್ಟಿ ಮೊದಲ ಆರು ದಿನ ಬರೀ ನೋಡುತ್ತದೆ, ಕಲಿಯುತ್ತದೆ. ಈ ಮನುಷ್ಯ ಶಾಂತವಾಗಿದ್ದಾಗ ಹೇಗಿರುತ್ತಾನೆ, ಅವನ ಉಸಿರು ಎಷ್ಟು ನಿಂತರೆ ಸಹಜ ಎಂದು. ಕಾವಲೂ ಆ ಪ್ರಕಾರವೇ ಹೊಂದಿಕೊಳ್ಳುತ್ತದೆ.

"ಆರು ದಿನ ಇವರು ಸುಮ್ಮನ ಕೂಡಬೇಕು. ಜಪ ಬ್ಯಾಡ, ಪ್ರಾಣಾಯಾಮ ಬ್ಯಾಡ, ಏನೂ ಬ್ಯಾಡ. ಯಂತ್ರಕ್ಕ ಇವರ ಸಹಜ ಉಸಿರು ತೋರಸ್ರಿ, ಸಾಕು" ಎಂದು ಗುಮಾಸ್ತೆ ಎರಡೆರಡು ಸಲ ಹೇಳಿ ಕಳಿಸಿದ್ದರು.

ಗರಡಿಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು, ಮಾಯಕ್ಕನ ಮಾವ ರಾಯಗೊಂಡಪ್ಪನೇ. ಎಪ್ಪತ್ತು ದಾಟಿದ್ದರೂ ಕುತ್ತಿಗೆ ಒನಕೆಯಷ್ಟು ಗಟ್ಟಿ, ಹಟ ಅದಕ್ಕಿಂತ ಗಟ್ಟಿ. ಅವನ ಗರಡಿಯಲ್ಲಿ ಕಸರತ್ತು ಮುಗಿದ ಮೇಲೆ ಎಲ್ಲರೂ ಹನುಮಂತದೇವರ ಎದುರು ಸಾಲಾಗಿ ಕುಳಿತು ದಮ್ಮು ಕಟ್ಟಬೇಕು. ಉಸಿರು ಎಳೆದು ಒಳಗೇ ಹಿಡಿದಿಟ್ಟು, ಮನಸ್ಸಿನಲ್ಲಿ ದೇವರ ಹೆಸರು ಎಣಿಸುತ್ತ, ಇನ್ನು ಆಗದು ಎನ್ನುವ ತನಕ ಕೂರುವುದು. ಹೊಸಬರು ಒಂದು ನಿಮಿಷಕ್ಕೆ ಬಾಯಿ ಬಿಡುತ್ತಿದ್ದರು. ಲಗಮಣ್ಣ ಮೂರು ನಿಮಿಷ ಕಟ್ಟುತ್ತಿದ್ದ. ಸುತ್ತಲಿನ ಹತ್ತು ಗರಡಿಗಳಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಕಣದ ಮಣ್ಣಿಗೆ ಹೆಂಗಸರ ಕಾಲು ತಾಗಬಾರದೆಂದು ಮಾಯಕ್ಕ ಲ್ಯಾಪ್‌ಟಾಪನ್ನು ಗರಡಿಯ ಹೊರಗಿನ ಕಟ್ಟೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಕಲಿಕೆಯ ಮೊದಲ ದಿನವೇ ಅವಳ ಕಣ್ಣಿಗೆ ಬಿತ್ತು. ಹನ್ನೊಂದು ಪೈಲ್ವಾನರ ಹನ್ನೊಂದು ಉಸಿರಿನ ಗೆರೆಗಳು ಅಂಗಾತ ಮಲಗಿದ್ದವು. ಕಿಟಕಿಯಿಂದ ಇಣುಕಿ ನೋಡಿದರೆ ಎಲ್ಲರೂ ಕೆನ್ನೆ ಉಬ್ಬಿಸಿ ದಮ್ಮು ಕಟ್ಟಿ ಕೂತಿದ್ದಾರೆ. ಮಾವನನ್ನು ಹೊರಗೆ ಕರೆದು, ಹೀಗೆ ಮಾಡಬಾರದು ಅಂದಿದ್ದಾರೆ, ಯಂತ್ರ ತಪ್ಪು ಕಲಿಯುತ್ತದೆ ಎಂದು ಹೇಳಿದಳು.

"ದಮ್ಮ ಕಟ್ಟಲಾರದ ಹನಮಂತದೇವ್ರ ಮುಂದ ಈ ಗರಡ್ಯಾಗ ಯಾರೂ ಕೂತಿಲ್ಲವಾ. ನನ್ನ ವಸ್ತಾದರೂ ಕೂತಿಲ್ಲ" ಎಂದ ರಾಯಗೊಂಡಪ್ಪ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಕಿ ಎಷ್ಟು ಬಂದಿದೆ ಎಂದು ಕೇಳಿದ. ಬೇರೆ ಗರಡಿಗಳವರಿಗೆ ಅರವತ್ತು, ಅರವತ್ತೈದು ಬಂದರೆ ಇವರಿಗೆ ಎಂಬತ್ತರ ಮೇಲೆ ಬಂದಿತ್ತು. ಮತ್ತೇನು, ಅವನ ಎದೆ ಹಿಗ್ಗಿತು. ನಮ್ಮ ಪದ್ಧತಿಯ ಮುಂದೆ ಯಾವ ಯಂತ್ರ, ಹುಡುಗರನ್ನು ಕೆಡಿಸಬೇಡ ಎಂದು ಸೊಸೆಯ ಬಾಯಿ ಮುಚ್ಚಿಸಿ ಒಳಗೆ ಹೋದ.

ಐದನೆಯ ದಿನ ಗುಮಾಸ್ತೆಯವರೇ ಫೋನು ಮಾಡಿದರು. ನಿಮ್ಮ ಗರಡಿಯವರ ಕಾವಲು ವಿಪರೀತ ಸಡಿಲವಾಗುತ್ತಿದೆ, ಯಾರಾದರೂ ಉಸಿರು ಹಿಡಿದು ಕೂರುತ್ತಿದ್ದಾರೇನು ಎಂದು ಕೇಳಿದರು. ಮಾವ ಬಾಗಿಲಲ್ಲೇ ನಿಂತಿದ್ದ. ಹೌದು ಎಂದರೆ ಐದು ದಿನದ ಕಲಿಕೆಯೆಲ್ಲ ಅಳಿಸಿ ಮತ್ತೆ ಮೊದಲಿಂದ ಮಾಡಬೇಕು, ಆ ತಿಂಗಳಿನ ಪಂದ್ಯ ಕೈತಪ್ಪುತ್ತದೆ, ಮನೆಯಲ್ಲಿ ಮಹಾಭಾರತವಾಗುತ್ತದೆ. ಮಾಯಕ್ಕ, "ಇಲ್ರಿ ಮೇಡಂ, ಸುಮ್ಮನ ಕೂತಾರ್ರಿ" ಎಂದಳು. ಇಷ್ಟೇ ಅವಳು ಹೇಳಿದ ಸುಳ್ಳು. ಆ ಹೊತ್ತಿಗೆ ಅದು ಸುಳ್ಳು ಎಂದು ಕೂಡ ಅವಳಿಗೆ ಬಲವಾಗಿ ಅನ್ನಿಸಲಿಲ್ಲ, ಸೊಸೆಯಂದಿರು ದಿನಕ್ಕೆ ನಾಲ್ಕು ಸಲ ಹೇಳುವಂಥ ಮಾತು.

ಮೊದಮೊದಲು ಮನೆಯಲ್ಲಿ ಹಬ್ಬ. ಲಗಮಣ್ಣನ ಮೂಗಿನ ತುದಿಯಲ್ಲಿ ಸಿಟ್ಟು ಇರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಉಣ್ಣುವ ಗಂಗಾಳ ಅಂಗಳಕ್ಕೆ ಹಾರುತ್ತಿತ್ತು. ಪಟ್ಟಿ ಹಾಕಿ ನಾಲ್ಕು ಪಂದ್ಯ ಆಡಿದ ಮೇಲೆ ಅದೆಲ್ಲ ಹೋಯಿತು. ಪಟ್ಟಿ ಬಿಚ್ಚಿಟ್ಟ ದಿನಗಳಲ್ಲೂ ಶಾಂತಿ ಇಳಿಯುತ್ತಿರಲಿಲ್ಲ, ಮೆದುಳಿಗೆ ದಾರಿ ರೂಢಿಯಾಗಿತ್ತು. ನಿನ್ನ ಗಂಡ ಸ್ವಾಮಿಯಾಗಿದ್ದಾನೆ ಎಂದು ನೆರೆಯವರು ನಗೆಯಾಡಿದರು. ಮಾಯಕ್ಕನೂ ನಕ್ಕಳು.

ಆಮೇಲೆ ನಗು ಬರಲಿಲ್ಲ. ಒಂದು ದಿನ ಅವನು ಒಲೆಯ ಮೇಲಿನ ಹಂಚಿಗೆ ಅಂಗೈ ಊರಿ ಮಾತಾಡುತ್ತ ನಿಂತಿದ್ದ. ಸುಟ್ಟ ಚರ್ಮದ ವಾಸನೆ ಅವಳ ಮೂಗಿಗೆ ಬಂದ ಮೇಲೆಯೇ ಗೊತ್ತಾದದ್ದು. ಕೈ ಹಿಡಿದೆಳೆದರೆ, ಹೌದಲ್ಲ, ಸುಡುತ್ತಿತ್ತು ಎಂದ. ಇನ್ನೊಂದು ದಿನ ರೊಟ್ಟಿ ತಿನ್ನುತ್ತ ಬಾಯಿಂದ ಹಲ್ಲೊಂದನ್ನು ತೆಗೆದು ಗಂಗಾಳದ ಬದಿಗಿಟ್ಟು ಊಟ ಮುಂದುವರಿಸಿದ. ಅದಕ್ಕೂ ಅವಳು ತಡೆದುಕೊಂಡಳು. ನಾಲ್ಕು ವರ್ಷದ ಮಗಳು ಚಂಪಾಳಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿ ಫಿಟ್ಸ್ ಬಂದ ದಿನ ಮಾತ್ರ ತಡೆಯಲಾಗಲಿಲ್ಲ. ಮಾಯಕ್ಕ ನೀರು ತರಲು ಹೊರಗೆ ಹೋಗಿದ್ದಳು. ಬಂದು ನೋಡುತ್ತಾಳೆ, ಕೂಸು ನೆಲದ ಮೇಲೆ ಒದ್ದಾಡುತ್ತಿದೆ, ಬಾಯಲ್ಲಿ ನೊರೆ. ತಂದೆ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು ಮಳೆ ನೋಡುವವನ ಹಾಗೆ ನೋಡುತ್ತಿದ್ದಾನೆ. ಅವಳು ಕೂಸನ್ನು ಬಾಚಿಕೊಂಡು ಓಡಿದಳು. ದವಾಖಾನೆಯಿಂದ ಬಂದ ಮೇಲೆ ಗಂಡನ ಕೆನ್ನೆಗೆ ರಪರಪ ನಾಲ್ಕು ಬಾರಿಸಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅದೇ ಮೊದಲ ಸಲ. ಅವನು ಹೊಡೆಸಿಕೊಂಡ, ಮುಗುಳ್ನಕ್ಕ, ನಿನ್ನ ಕೈ ನೋಯುತ್ತದೆ ಬಿಡು ಎಂದ.

ವಿಜಯಪುರದ ಪಂದ್ಯವೊಂದು ಮುಗಿದರೆ ಪಟ್ಟಿ ಬಿಡಿಸುತ್ತೇನೆ ಎಂದು ಮಾವನಿಂದ ಮಾತು ತೆಗೆದುಕೊಂಡಳು. ಬೆಳ್ಳಿಗದೆಯ ಪಂದ್ಯ ಅದು, ವರ್ಷದ ದೊಡ್ಡ ಪಂದ್ಯ. ಗೆದ್ದ ಗರಡಿಯ ಹೆಸರು ರಾಜ್ಯದ ಮೂಲೆಮೂಲೆಗೆ ಹೋಗುತ್ತದೆ ಎಂದು ರಾಯಗೊಂಡಪ್ಪ ತಿಂಗಳಿಂದ ಅದನ್ನೇ ಜಪಿಸುತ್ತಿದ್ದ.

ಊರ ಹೊರಗಿನ ಬಯಲಿನಲ್ಲಿ ಕಣ. ಸಂಜೆ ನಾಲ್ಕರ ಬಿಸಿಲು. ಇಪ್ಪತ್ತು ಸಾವಿರ ಜನ. ಒಂದು ಬದಿಗೆ ಗಾಜಿನ ಕೋಣೆ, ಅದರಲ್ಲಿ ಗುಮಾಸ್ತೆ ಮತ್ತು ಅವರ ಯಂತ್ರಗಳು. ಕಣದ ಅಂಚಿನಲ್ಲಿ ಗರಡಿಗೊಂದರಂತೆ ಮೇಜು. ಮೇಜಿನ ಮೇಲೆ ತೆರೆ, ಗಾಜಿನ ಕೋಣೆಯವರೊಡನೆ ಮಾತಾಡಲು ಕಿವಿಗೆ ಹಾಕಿಕೊಳ್ಳುವ ಫೋನು. ಮಾಯಕ್ಕ ತೆರೆಯ ಮುಂದೆ ಕುಳಿತಳು. ಮಾವ ಅವಳ ಪಕ್ಕದಲ್ಲಿ ಕೆಂಪು ರುಮಾಲು ಸುತ್ತಿಕೊಂಡು ನಿಂತ. ಇನ್ನು ಸಾಕು ಅನ್ನಿಸಿದರೆ ವಸ್ತಾದ ತನ್ನ ತಲೆಯ ರುಮಾಲು ಬಿಚ್ಚಿ ಕಣಕ್ಕೆ ಒಗೆಯಬೇಕು, ಆಗ ಮಾತ್ರ ಪಂದ್ಯ ನಡುವೆ ನಿಲ್ಲುತ್ತದೆ. ಹಾಗೆ ಒಗೆದ ವಸ್ತಾದನನ್ನು ಯಾರೂ ಆ ತನಕ ಕಂಡಿರಲಿಲ್ಲ.

ಎದುರಾಳಿ ಸಿಂದಗಿಯ ಕಡೆಯ ಸಿದರಾಯ. ಒಳ್ಳೆಯ ಮನುಷ್ಯ, ಪಂದ್ಯಕ್ಕೆ ಮೊದಲು ಬಂದು ರಾಯಗೊಂಡಪ್ಪನ ಕಾಲು ಮುಟ್ಟಿ ಹೋಗಿದ್ದ. ಪಟ್ಟಿ ಬಿಗಿದು ಒಂದೂವರೆ ನಿಮಿಷ ಕಳೆಯಿತು, ಇಬ್ಬರ ಮುಖವೂ ತೊಳೆದಿಟ್ಟ ಹಾಗಾಯಿತು. ಫಲಕದಲ್ಲಿ ಲಗಮಣ್ಣನಿಗೆ ಎಂಬತ್ನಾಲ್ಕು, ಸಿದರಾಯನಿಗೆ ಎಪ್ಪತ್ತೊಂದು.

ಮೊದಲ ಹತ್ತು ನಿಮಿಷ ನಡೆದದ್ದನ್ನು ಕುಸ್ತಿ ಎನ್ನುವುದಕ್ಕಿಂತ ಕಸಾಯಿ ಕೆಲಸ ಎನ್ನಬಹುದು. ಲಗಮಣ್ಣ ಸಿದರಾಯನನ್ನು ಎತ್ತಿ ಒಗೆದು ಅವನ ಬಲಗೈಯ ಎರಡು ಬೆರಳು ಮುರಿದ. ಸಿದರಾಯನ ಅಂಕಿ ಅರವತ್ತಕ್ಕೆ ಇಳಿದು ಮತ್ತೆ ಏರಿತು. ಅವನು ಎದ್ದು ಮುರಿದ ಬೆರಳಿನ ಕೈಯಿಂದಲೇ ಲಗಮಣ್ಣನ ಪಕ್ಕೆಗೆ ಗುದ್ದಿದ. ಒಂದೇ ಜಾಗಕ್ಕೆ ಏಳು ಸಲ, ಅವಸರವಿಲ್ಲದೆ, ಮೊಳೆ ಹೊಡೆಯುವವರ ಹಾಗೆ. ಪಕ್ಕೆಲುಬು ಮುರಿದದ್ದು ಮಾಯಕ್ಕನಿಗೆ ಗೆರೆಯಲ್ಲಿ ಕಂಡಿತು. ಉಸಿರು ಎಳೆದಾಗಲೆಲ್ಲ ಗೆರೆ ತುಂಡಾಗುತ್ತಿತ್ತು. ಲಗಮಣ್ಣ ಸಿದರಾಯನ ಕಿವಿಗೆ ಮೊಣಕೈ ಬಡಿದ. ಕಿವಿಯಿಂದ ರಕ್ತ ಇಳಿದು ಕೆಂಪು ಮಣ್ಣಿಗೆ ಸೇರಿತು. ಸಿದರಾಯ ಲಗಮಣ್ಣನ ಎಡಮೊಣಕಾಲಿನ ಮೇಲೆ ತನ್ನ ಇಡೀ ಭಾರ ಹಾಕಿ ಕುಳಿತ. ಕಾಲು ಬಾಗಬಾರದ ಕಡೆಗೆ ಬಾಗಿತು. ಲಗಮಣ್ಣ ತನ್ನ ಕಾಲನ್ನು ತಾನೇ ನೋಡಿದ, ಯಾರದೋ ಕಾಲು ನೋಡಿದ ಹಾಗೆ. ಇಷ್ಟೆಲ್ಲ ಆಗುವಾಗ ಕಣದಿಂದ ಒಂದು ನರಳಿಕೆಯೂ ಬರಲಿಲ್ಲ. ಮಾಯಕ್ಕ ತನ್ನ ಸೆರಗಿನ ತುದಿ ಕಚ್ಚಿಕೊಂಡು ಕುಳಿತಿದ್ದಳು. ಅವಳ ಗಂಡನ ಬದಲಿಗೆ ಅವಳಿಗೆ ನೋಯುತ್ತಿತ್ತು.

ಹನ್ನೊಂದನೆಯ ನಿಮಿಷಕ್ಕೆ ಸಿದರಾಯ ಹಿಂದಿನಿಂದ ಬಂದು ಮುಂಗೈಯನ್ನು ಲಗಮಣ್ಣನ ಗಂಟಲಿಗೆ ಅಡ್ಡ ಹಾಕಿ ಬಿಗಿದ. ಗಂಟಲು ಹಿಡಿದರೆ ಎಂಥವನಿಗೂ ಜೀವಭಯ ಹುಟ್ಟುತ್ತದೆ, ಅಂಕಿ ದಡಬಡ ಬೀಳುತ್ತದೆ, ಅದು ಎಲ್ಲರಿಗೂ ಗೊತ್ತಿದ್ದ ಪಟ್ಟು. ಜನ ಉಸಿರು ಬಿಗಿಹಿಡಿದು ಫಲಕ ನೋಡಿದರು.

ಅಂಕಿ ಬೀಳಲಿಲ್ಲ. ಎಂಬತ್ನಾಲ್ಕು ಇದ್ದದ್ದು ಎಂಬತ್ತೆಂಟಾಯಿತು.

ಬಯಲಿಗೆ ಬಯಲೇ ಕೂಗೆಬ್ಬಿಸಿತು. ಸಿದರಾಯ ಫಲಕ ನೋಡಿದ, ತಾನು ಹಾಕಿದ ಬಿಗಿ ಸಾಲದು ಅಂದುಕೊಂಡ, ಇನ್ನಷ್ಟು ಬಿಗಿದ. ತೊಂಬತ್ತು. ಇನ್ನಷ್ಟು ಬಿಗಿದ. ತೊಂಬತ್ತಮೂರು. ಪಂಚ, ಅಂದರೆ ಪಂದ್ಯ ನೋಡಿಕೊಳ್ಳುವವನು, ಬಗ್ಗಿ ನೋಡಿ ತಲೆಯಾಡಿಸಿದ. ಅಷ್ಟು ಶಾಂತವಾಗಿರುವವನನ್ನು ಬಿಡಿಸುವುದು ಏಕೆ?

ಮಾಯಕ್ಕನ ಕಣ್ಣು ಅಂಕಿಯ ಮೇಲಿರಲಿಲ್ಲ, ಅದರ ಕೆಳಗಿನ ಉಸಿರಿನ ಗೆರೆಯ ಮೇಲಿತ್ತು. ಗೆರೆ ಅಂಗಾತ ಮಲಗಿತ್ತು. ಇಂಥದೇ ಗೆರೆಯನ್ನು ಗರಡಿಯ ಕಟ್ಟೆಯ ಮೇಲೆ ಆರು ದಿನ ನೋಡಿದ್ದಳು. ಉಸಿರು ನಿಂತಿರುವುದೇ ಈ ಮನುಷ್ಯನ ಶಾಂತಿ ಎಂದು ಪಟ್ಟಿಗೆ ಕಲಿಸಿದವರು ತಾವೇ. ಗಂಟಲು ಒತ್ತಿದಷ್ಟೂ ಅದಕ್ಕೆ ಶಾಂತಿ ಹೆಚ್ಚು ಕಾಣುತ್ತದೆ, ಹೆಚ್ಚು ಕಂಡಷ್ಟೂ ಅವನನ್ನು ಹೆಚ್ಚು ಒಳಗೆ ದೂಡುತ್ತದೆ. ಕೈ ಎತ್ತಿ ಸಾಕು ಎನ್ನಬೇಕೆಂಬ ಬುದ್ಧಿಯೇ ಅವನಿಗೆ ಹುಟ್ಟುವುದಿಲ್ಲ. ಪ್ರಜ್ಞೆ ತಪ್ಪಿದರೂ ಪಟ್ಟಿ ಅದನ್ನು ಇನ್ನೂ ಆಳದ ಧ್ಯಾನ ಎಂದೇ ಎಣಿಸುತ್ತದೆ.

ಫೋನಿನಲ್ಲಿ ಗುಮಾಸ್ತೆಯವರ ದನಿ ಕೇಳಿತು. ಇಂಥ ಅಂಕಿ ನಾನು ಎಲ್ಲೂ ನೋಡಿಲ್ಲ ಎನ್ನುತ್ತಿದ್ದರು, ಸಂತೋಷವಾಗಿಯೇ.

"ಮೇಡಂ, ಇದು ಶಾಂತಿ ಅಲ್ರಿ. ಅಂವಗ ಉಸಿರಿಲ್ಲ."

"ಉಸಿರಿಲ್ಲಂದ್ರ ಹನ್ನೆರಡು ಸೆಕೆಂಡಿಗೆ ಪಟ್ಟಿ ಆರಬೇಕಲ್ಲ."

"ಆರೂದಿಲ್ರಿ. ಆರೂ ದಿನ ದಮ್ಮ ಕಟ್ಟಿ ಕೂತಿದ್ರು. ನೀವು ಕೇಳಿದಾಗ ನಾ ಸುಳ್ಳ ಹೇಳಿದೆ."

ಗುಮಾಸ್ತೆ, ಎಷ್ಟು ಹೊತ್ತು ಕಟ್ಟುತ್ತಿದ್ದ ಎಂದು ಕೇಳಿದರು. ಮೂರು ನಿಮಿಷ ಎಂದಳು ಮಾಯಕ್ಕ. ಹಾಗಾದರೆ ಮೂರು ನಿಮಿಷದ ತನಕ ಕಾವಲು ಬಾಯಿ ಬಿಡುವುದಿಲ್ಲ. ಕುಳಿತಾಗ ಕಟ್ಟುವ ಮೂರು ನಿಮಿಷ ಬೇರೆ, ಹತ್ತು ನಿಮಿಷ ಗುದ್ದಾಡಿ ಮೈಯ ಗಾಳಿಯೆಲ್ಲ ಖರ್ಚಾದ ಮೇಲಿನ ಮೂರು ನಿಮಿಷ ಬೇರೆ. ಮೋಸ ಮಾಡಬಾರದೆಂದು ಪಂದ್ಯ ಶುರುವಾದ ಮೇಲೆ ಹೊರಗಿಂದ ಯಾರೂ ಪಟ್ಟಿ ಮುಟ್ಟದ ಹಾಗೆ ಬೀಗ ಬಿದ್ದಿರುತ್ತದೆ, ನನ್ನ ಕೈಯಲ್ಲೂ ಏನಿಲ್ಲ, ವಸ್ತಾದರಿಗೆ ರುಮಾಲು ಒಗೆಯಲು ಹೇಳು ಎಂದರು.

ಮಾಯಕ್ಕ ಅದನ್ನು ಮಾವನಿಗೆ ಹೇಳಿದಳು; ಅವಳ ಮೊದಲಿನ ಮಾತನ್ನೂ ಅವನು ಕೇಳಿಸಿಕೊಂಡಿದ್ದ. ಆದರೂ ಅವನ ಕಣ್ಣು ಫಲಕದಿಂದ ಕದಲಲಿಲ್ಲ.

"ತೊಂಬತ್ತಾರು ಐತಿ ನೋಡು. ಗೆಲ್ಲೂ ಮಗನ ಮುಂದ ರುಮಾಲ ಒಗಿ ಅಂತಿ?"

"ಮಾವಾರ, ಅಂವ ಗೆಲ್ಲಾಕತ್ತಿಲ್ಲ. ಸಾಯಾಕತ್ತಾನ."

ರಾಯಗೊಂಡಪ್ಪನ ಕೈ ಮೇಲೇಳಲಿಲ್ಲ. ಐವತ್ತು ವರ್ಷ ತಲೆಯ ಮೇಲಿದ್ದದ್ದನ್ನು ಬಿಚ್ಚುವುದು ಸಣ್ಣ ಮಾತಲ್ಲ, ಅದು ಮಾಯಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೇ ಅವಳು ಕುರ್ಚಿಯ ಮೇಲೆ ಹತ್ತಿ ಮಾವನ ತಲೆಗೆ ಕೈ ಹಾಕಿ ರುಮಾಲು ಕಿತ್ತು ಕಣಕ್ಕೆ ಎಸೆದಳು. ಸೊಸೆ ಮಾವನ ರುಮಾಲಿಗೆ ಕೈ ಹಾಕಿದ್ದನ್ನು ಇಪ್ಪತ್ತು ಸಾವಿರ ಜನ ನೋಡಿದರು. ಹತ್ತಿರ ಕುಳಿತವರು ನಾಲಿಗೆ ಕಚ್ಚಿಕೊಂಡರು. ಪಂಚ ಮಣ್ಣಿನ ಮೇಲೆ ಬಿದ್ದ ರುಮಾಲನ್ನು ನೋಡಿದ, ಅವಳನ್ನು ನೋಡಿದ, ಹೆಂಗಸು ಒಗೆದದ್ದು ಲೆಕ್ಕಕ್ಕಿಲ್ಲ ಎಂದು ಕೈಯಾಡಿಸಿದ.

ಮುಂದಿನದಕ್ಕೆ ಮಾಯಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಬಹುಮಾನದ ಮೇಜಿನ ಮೇಲೆ ಬೆಳ್ಳಿಗದೆ ಮಲಗಿತ್ತು. ಎರಡೂ ಕೈಯಿಂದ ಅದನ್ನೆತ್ತಿಕೊಂಡು ಕಣದೊಳಗೆ ಇಳಿದಳು. ಹಿಂದಿನಿಂದ ಮಾವ ಅವಳ ತೋಳು ಹಿಡಿದ, ಮಣ್ಣು ಮುಟ್ಟಬೇಡ ಎಂದ. ಅವಳು ಗದೆಯ ಹಿಡಿಯಿಂದ ಹಿಂದಕ್ಕೆ ತಿವಿದಳು. ಮುದುಕ ಹೊಟ್ಟೆ ಹಿಡಿದು ಕುಸಿದ. ಅವಳು ತಿರುಗಿ ನೋಡಲಿಲ್ಲ.

ಸಿದರಾಯನ ಬೆನ್ನಿಗೆ ಒಂದು ಏಟು ಹಾಕಿದಳು. ಅವನು ತಲೆ ತಿರುಗಿಸಿ, ಬೀದಿಯಲ್ಲಿ ಹೋಗುವ ಎಮ್ಮೆಯನ್ನು ನೋಡುವ ಹಾಗೆ ನೋಡಿ ಮತ್ತೆ ತನ್ನ ಕೆಲಸಕ್ಕೆ ಹೋದ. ಎರಡನೆಯ ಏಟು ಹೆಗಲಿಗೆ ಬಿತ್ತು, ಎಲುಬು ಮುರಿದದ್ದು ಅವಳ ಕೈಗೇ ಗೊತ್ತಾಯಿತು. ತೋಳು ಸಡಿಲವಾಗಲಿಲ್ಲ. ಅವನ ತೋಳಿನ ಕೆಳಗೆ ಲಗಮಣ್ಣನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು, ತುಟಿಯಲ್ಲಿ ನಗು ಹಾಗೇ ಇತ್ತು. ಆ ನಗು ನೋಡಿ ಅವಳ ತಲೆ ಕೆಟ್ಟುಹೋಯಿತು. ಮೂರನೆಯ ಏಟನ್ನು ಸಿದರಾಯನ ಹಣೆಯ ಬದಿಗೆ, ಪಟ್ಟಿ ಇದ್ದಲ್ಲೇ ಹಾಕಿದಳು. ಕೊಲ್ಲಬೇಕೆಂದೇ ಹೊಡೆದಳು, ಸುಳ್ಳು ಏಕೆ ಹೇಳಬೇಕು.

ಪಟ್ಟಿ ಎರಡು ಹೋಳಾಗಿ ಹಾರಿತು. ಹಣೆ ಒಡೆದು ರಕ್ತ ಚಿಮ್ಮಿತು. ಒಂದು ಕ್ಷಣ ಸಿದರಾಯ ಕಣ್ಣು ಪಿಳುಕಿಸಿದ. ಮರುಕ್ಷಣ ಮುರಿದ ಬೆರಳು, ಹರಿದ ಕಿವಿ, ಹೆಗಲು, ಹಣೆ ಎಲ್ಲದರ ನೋವೂ ಒಟ್ಟಿಗೇ ಬಂದು ಅವನ ಮೇಲೆ ಬಿತ್ತು. ಅವನು ಕೋಣನ ಹಾಗೆ ಅರಚುತ್ತ ಲಗಮಣ್ಣನನ್ನು ಬಿಟ್ಟು ಮಣ್ಣಿನಲ್ಲಿ ಹೊರಳಾಡಿದ. ಆ ಕಣದಲ್ಲಿ ಅಂಥ ಕೂಗು ಕೇಳಿದ್ದು ಅದೇ ಮೊದಲು. ಶಿಳ್ಳೆಗಳು ನಿಂತುಹೋದವು.

ಫಲಕದಲ್ಲಿ ಲಗಮಣ್ಣನ ಅಂಕಿ ತೊಂಬತ್ತೊಂಬತ್ತು. ಮಾಯಕ್ಕ ಅವನ ಪಟ್ಟಿಯ ಕೊಂಡಿ ಬಿಚ್ಚಲು ಪುರುಸೊತ್ತಿಲ್ಲದೆ ಹಿಡಿದು ಜಗ್ಗಿದಳು. ಹಣೆಯ ಚರ್ಮವೂ ಜೊತೆಗೆ ಕಿತ್ತು ಬಂತು. ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಗಾಳಿ ಊದಿದಳು. ಎದೆಯ ಮೇಲೆ ಅಂಗೈ ಊರಿ ಒತ್ತಿದಳು, ಮುರಿದ ಪಕ್ಕೆಲುಬು ಕೈಕೆಳಗೆ ಕಿರುಗುಟ್ಟಿತು. ಮತ್ತೆ ಊದಿದಳು. ಮತ್ತೆ ಒತ್ತಿದಳು. ಗುಮಾಸ್ತೆ ಗಾಜಿನ ಕೋಣೆಯಿಂದ ಬರಿಗಾಲಲ್ಲಿ ಓಡಿ ಬಂದು ಪಕ್ಕದಲ್ಲಿ ಕುಸಿದು ಕುಳಿತು ನಾಡಿ ಹಿಡಿದರು. ಪಂಚ ಬಂದು ಇದು ನಿಯಮಬಾಹಿರ ಎಂದೇನೋ ಶುರುಮಾಡಿದ. ಮಾಯಕ್ಕ ತಲೆಯೆತ್ತಿ ಒಂದು ಬೈಗುಳ ಬೈದಳು, ಅದನ್ನು ಬರೆಯುವಂತಿಲ್ಲ.

ಇಪ್ಪತ್ತೆಂಟನೆಯ ಊದಿಗೋ ಮೂವತ್ತನೆಯದಕ್ಕೋ ಲಗಮಣ್ಣನ ಗಂಟಲು ಗೊರ್ ಎಂದಿತು. ಎದೆ ತಾನಾಗಿ ಎದ್ದಿತು, ಬಿತ್ತು, ಮತ್ತೆ ಎದ್ದಿತು. ಕಣ್ಣು ತೆರೆದ. ಎರಡ್ಮೂರು ಗಳಿಗೆ ಅದೇ ಸಮಾಧಾನದ ಕಣ್ಣು. ಆದರೆ ಸಾವಿನ ಬಾಗಿಲು ತಟ್ಟಿ ಬಂದ ಮೆದುಳಿಗೆ ರೂಢಿಯಾಗಿದ್ದ ಆ ದಾರಿ ಮತ್ತೆ ಸಿಗಲಿಲ್ಲ. ಆಮೇಲೆ ಅವನ ಹುಬ್ಬು ಗಂಟಾಯಿತು, ತುಟಿ ಸೊಟ್ಟಗಾಯಿತು, ಕತ್ತಿನ ನರಗಳು ಉಬ್ಬಿದವು.

"ಯವ್ವಾ ಸತ್ತೆ" ಎಂದು ಚೀರಿದ.

ಪಕ್ಕೆ ಎಂದ, ಕಾಲು ಎಂದ, ಪಕ್ಕೆಯ ಮೇಲಿಂದ ಕೈ ತೆಗಿಯೇ ಎಂದು ಹೆಂಡತಿಯ ವಂಶವನ್ನೆಲ್ಲ ಜಾಲಾಡಿ ಬೈದ. ಮಾಯಕ್ಕನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹತ್ತು ತಿಂಗಳಾಗಿತ್ತು ಅವನ ಬಾಯಿಂದ ಒಂದು ಬೈಗುಳ ಕೇಳಿ.

ಪಂಚ ರುಮಾಲನ್ನು ಕೈಯಲ್ಲಿ ಹಿಡಿದು ರಾಯಗೊಂಡಪ್ಪನ ಎದುರು ಬಂದು ನಿಂತ. ಇದನ್ನು ನೀನೇ ಒಗೆದದ್ದು ಎಂದು ಒಪ್ಪಿದರೆ ನಿಮ್ಮವನು ಸೋತ ಎಂದು ಬರೆದುಕೊಳ್ಳುತ್ತೇನೆ, ಸೊಸೆ ಇಳಿದದ್ದು ಪಂದ್ಯ ನಿಂತ ಮೇಲೆ ಎಂದಾಗುತ್ತದೆ. ಇಲ್ಲವಾದರೆ ನಿನ್ನ ಸೊಸೆಯನ್ನು ಪೊಲೀಸರಿಗೆ ಕೊಡುತ್ತೇನೆ, ಪಂದ್ಯ ನಿಮ್ಮವನದೇ ಎಂದು ನೀನು ವಾದಿಸಬಹುದು ಎಂದ. ಮುದುಕ ಬರಿದಲೆಯಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೊರಳಾಡುತ್ತಿದ್ದ ಮಗನನ್ನು ನೋಡುತ್ತ ನಿಂತಿದ್ದ.

"ನಾನ ಒಗದೀನಿ" ಎಂದ. ಯಾರೂ ಕೇಳದೆಯೇ, "ದಮ್ಮ ಕಟ್ಟಸಿದಾವನೂ ನಾನ" ಎಂದ.

ಎರಡು ಆಂಬುಲೆನ್ಸುಗಳು ಬಂದವು. ಒಂದರಲ್ಲಿ ಸಿದರಾಯನನ್ನು ಮಲಗಿಸಿ ಪಟ್ಟಿ ಹಾಕಿದರು, ಅವನು ಒಂದೂವರೆ ನಿಮಿಷದಲ್ಲಿ ಸುಮ್ಮನಾದ. ಇನ್ನೊಂದಕ್ಕೆ ಲಗಮಣ್ಣನನ್ನು ಹತ್ತಿಸಿದರು. ಜಿಲ್ಲಾಸ್ಪತ್ರೆಗೆ ಹನ್ನೆರಡು ಕಿಲೋಮೀಟರು, ದಾರಿ ಕಿತ್ತುಹೋದದ್ದು. ಗಾಡಿಯಲ್ಲಿ ನೋವಿಗೆ ಸೂಜಿಯಿಲ್ಲ, ಗುಳಿಗೆಯಿಲ್ಲ, ಬಟ್ಟೆಯ ಚೀಲದಲ್ಲಿ ಹೊಸ ಪಟ್ಟಿಗಳು ಮಾತ್ರ ಇದ್ದವು. ನರ್ಸು ಅಭ್ಯಾಸಬಲದಿಂದ ಒಂದನ್ನು ತೆಗೆದು ಹಿಡಿದಳು. ಇದು ಹೊಸದು, ಹನ್ನೆರಡು ಸೆಕೆಂಡಿನದು, ಅಪಾಯವಿಲ್ಲ ಎಂದಳು. ಅದು ನಿಜವೇ ಇತ್ತು.

ಲಗಮಣ್ಣ ಪಟ್ಟಿ ನೋಡಿದ ಕೂಡಲೇ ಎರಡೂ ಕೈ ಚಾಚಿದ. "ಹಾಕ, ಹಾಕ" ಎಂದು ಅಂಗಲಾಚಿದ. ಮಾಯಕ್ಕ ನರ್ಸಿನ ಕೈಯಿಂದ ಪಟ್ಟಿ ಕಸಿದು ಕಿಟಕಿಯಿಂದ ಹೊರಗೆ ಒಗೆದಳು. ಚೀಲವನ್ನೂ ಒಗೆದಳು. ಗಂಡನ ಎರಡೂ ಮಣಿಕಟ್ಟು ಹಿಡಿದು ತನ್ನ ಮಡಿಲಿಗೆ ಒತ್ತಿಕೊಂಡಳು. ಮೈಯಲ್ಲಿ ಅರ್ಧ ಜೀವವಿದ್ದರೂ ಅವನು ಪೈಲ್ವಾನನೇ. ಕೊಸರಿದ, ತಲೆಯಿಂದ ಅವಳ ಬಾಯಿಗೆ ಗುದ್ದಿದ, ಅವಳ ತುಟಿ ಒಡೆಯಿತು. ಅವಳು ಹಿಡಿತ ಬಿಡಲಿಲ್ಲ.

"ನೋಯಲಿ. ನಾ ಇಲ್ಲೇ ಅದೀನಿ" ಎಂದಳು.

ನೀನು ಹೆಂಡತಿಯಲ್ಲ, ರಾಕ್ಷಸಿ ಎಂದ. ಹೌದು ಎಂದಳು. ಗಾಡಿ ಒಂದೊಂದು ತಗ್ಗಿಗೆ ಕುಣಿದಾಗಲೂ ಅವನು ಹೊಸದಾಗಿ ಚೀರಿದ. ಮುಂದೆ ಡ್ರೈವರನ ಪಕ್ಕದಲ್ಲಿ ಕುಳಿತ ಮಾವ ಒಂದೊಂದು ಕೂಗಿಗೂ ಬೆನ್ನು ಬಗ್ಗಿಸುತ್ತಿದ್ದ. ಆಸ್ಪತ್ರೆ ಮುಟ್ಟುವ ತನಕ ಲಗಮಣ್ಣ ಬಾಯಿ ಮುಚ್ಚಲಿಲ್ಲ, ಮಾಯಕ್ಕ ಮುಚ್ಚಿಸಲೂ ಇಲ್ಲ.